ಗೋಪುರವೂ ಹೊಗೆಗೂಡೂ: ಜೈಲ್ಸ್ ಗಿಲ್ಬರ್ಟ್ ಸ್ಕಾಟ್

ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾಗುವುದಕ್ಕೆ ಮುನ್ನ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ತರುಣರು ಪದವಿಯನ್ನು ಪಡೆಯುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯದಿಂದ. ಆ ವಿಶ್ವವಿದ್ಯಾಲಯದ ಘಟಿಕೋತ್ಸವ ಮಂದಿರವನ್ನೂ ಅದರ ಬಳಿಯಲ್ಲಿ ತಲೆಯೆತ್ತಿ ನಿಂತಿರುವ ರಾಜಾಬಾಯಿ ಗಡಿಯಾರ ಗೋಪುರವನ್ನೂ ಕಲ್ಪಿಸಿದವನು, ಒಮ್ಮೆಯೂ ಭಾರತದ ನೆಲವನ್ನು ಮೆಟ್ಟದೆ ಇಂಗ್ಲೆಂಡಿನಲ್ಲಿ ಕುಳಿತೇ ಅವುಗಳ ನಕ್ಷೆಗಳನ್ನು ರಚಿಸಿಕೊಟ್ಟ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಗೋಥಿಕ್ ಶೈಲಿಯ ಪುನರುಜ್ಜೀವನಕ್ಕೆ ಧುರೀಣನೆನಿಸಿದ್ದ ಆತನ ವೃತ್ತಿಯು ಮಗನಿಗೂ, ಮಗನ ತರುವಾಯ ಮೊಮ್ಮಗನಿಗೂ ಇಳಿದುಬಂದಿತು. ಆ ಮೊಮ್ಮಗನೇ ಜೈಲ್ಸ್ ಗಿಲ್ಬರ್ಟ್ ಸ್ಕಾಟ್. ಇಂಗ್ಲೆಂಡಿನ ಅತ್ಯಂತ ದೊಡ್ಡ ಕೆಥೆಡ್ರಲ್ಲನ್ನೂ, ಬೀದಿಯ ಮೂಲೆಯಲ್ಲಿ ನಿಲ್ಲುವ ಕೆಂಪು ಟೆಲಿಫೋನ್ ಗೂಡನ್ನೂ, ಥೇಮ್ಸ್ ನದಿಯ ದಡದ ವಿದ್ಯುದಾಗಾರಗಳನ್ನೂ ರೂಪಿಸಿದ ಕೈ ಒಂದೇ ಎಂಬುದು ಮೊದಲು ಕೇಳಿದವರಿಗೆ ವಿಚಿತ್ರವಾಗಿ ತೋರಬಹುದಾದರೂ, ಆತನ ಜೀವಿತವನ್ನು ಕ್ರಮವಾಗಿ ಪರಿಶೀಲಿಸಿದವರಿಗೆ ಅದರಲ್ಲಿ ಅಸಂಗತವಾದುದು ಏನೂ ಕಾಣದು.

ಜೈಲ್ಸ್ ಜನಿಸಿದ್ದು 1880ರ ನವೆಂಬರ್ 9ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ. ತಂದೆಯು ಪ್ರತಿಭಾಶಾಲಿಯಾದ ವಾಸ್ತುಶಿಲ್ಪಿಯೇ ಆಗಿದ್ದನು. ಆದರೆ ರೋಮನ್ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದ ಕೆಲವೇ ವರ್ಷಗಳಲ್ಲಿ ಚಿತ್ತವಿಕಲತೆಗೆ ಒಳಗಾಗಿ, 1884ರಲ್ಲಿ ಅಸ್ವಸ್ಥಮನಸ್ಕನೆಂದು ವಿಧ್ಯುಕ್ತವಾಗಿ ನಿರ್ಣಯಿಸಲ್ಪಟ್ಟು, 1897ರಲ್ಲಿ ಸೇಂಟ್ ಪ್ಯಾಂಕ್ರಾಸ್ ರೈಲ್ವೆ ನಿಲ್ದಾಣದ ಹೋಟೆಲಿನಲ್ಲಿ, ಎಂದರೆ ತನ್ನ ತಂದೆಯೇ ಕಲ್ಪಿಸಿದ್ದ ಆ ಭವ್ಯ ಸೌಧದಲ್ಲಿಯೇ, ಅಸುನೀಗಿದನು. ಮಕ್ಕಳನ್ನು ಸಾಕಿ ಸಲಹಿದವಳು ತಾಯಿ. ಸಸೆಕ್ಸ್ ಪ್ರಾಂತದ ಹಳ್ಳಿಯೊಂದರ ತೋಟದ ಮನೆಯಿಂದ ಬೈಸಿಕಲ್ಲುಗಳ ಮೇಲೆ ಅವರನ್ನು ಹೊರಡಿಸಿ ಸುತ್ತಣ ಊರುಗಳ ಪುರಾತನ ಚರ್ಚುಗಳನ್ನು ತೋರಿಸುತ್ತಿದ್ದ ಆಕೆ, 1899ರಲ್ಲಿ ಜೈಲ್ಸನನ್ನು ಟೆಂಪಲ್ ಮೂರ್ ಎಂಬ ವಾಸ್ತುಶಿಲ್ಪಿಯ ಬಳಿ ಶಿಷ್ಯವೃತ್ತಿಗೆ ಇರಿಸಿದಳು. ಮೂರ್ ಹಿಂದೊಮ್ಮೆ ಜೈಲ್ಸನ ತಂದೆಯ ಶಿಷ್ಯನಾಗಿದ್ದವನು. ಆದ್ದರಿಂದ ತಂದೆಯು ತಾನಾಗಿ ಕೊಡಲಾರದೆ ಹೋದ ವಿದ್ಯೆಯು ಶಿಷ್ಯನ ಮುಖಾಂತರ ಮಗನಿಗೆ ಸಂದಿತು.

ಜೈಲ್ಸ್ ಹುಟ್ಟಿದ ವರ್ಷವೇ ಲಿವರ್‌ಪೂಲ್ ನಗರಕ್ಕೆ ಬಿಷಪ್ಪನ ಪೀಠವೂ ಪ್ರಾಪ್ತವಾಗಿತ್ತು. ಹಡಗಿನ ವ್ಯಾಪಾರದಿಂದ ಸಂಪನ್ನವಾಗಿದ್ದ ಆ ರೇವುಪಟ್ಟಣವು ತನ್ನ ಐಶ್ವರ್ಯಕ್ಕೆ ತಕ್ಕ ಕೆಥೆಡ್ರಲ್ ಬೇಕೆಂದು ಬಯಸಿ, ಸೇಂಟ್ ಜೇಮ್ಸ್ ಮೌಂಟ್ ಎಂಬ ದಿಣ್ಣೆಯನ್ನು ಆರಿಸಿಕೊಂಡು, ನಕ್ಷೆಗಳಿಗಾಗಿ ಬಹಿರಂಗ ಸ್ಪರ್ಧೆಯನ್ನು ಸಾರಿತು. ಬಂದ ನಕ್ಷೆಗಳು 103. ಗ್ಲಾಸ್ಗೋ ನಗರದ ಚಾರ್ಲ್ಸ್ ರೆನ್ನಿ ಮ್ಯಾಕಿಂಟಾಷ್ ಕಳುಹಿಸಿದ್ದ ರಚನೆಯೂ ಅವುಗಳಲ್ಲಿದ್ದು ತಿರಸ್ಕೃತವಾಯಿತು. ಜಿ. ಎಫ್. ಬೊಡ್ಲಿ ಮತ್ತು ನಾರ್ಮನ್ ಷಾ ಎಂಬ ಇಬ್ಬರು ವೃದ್ಧ ಪರೀಕ್ಷಕರು ಐವರನ್ನು ಎರಡನೆಯ ಸುತ್ತಿಗೆ ಕರೆದು, 1903ರಲ್ಲಿ ಸ್ಕಾಟನನ್ನು ವಿಜಯಿಯೆಂದು ಘೋಷಿಸಿದಾಗ ಆತನ ವಯಸ್ಸು ಇಪ್ಪತ್ತೆರಡು. ತನ್ನ ಕಲ್ಪನೆಯಂತೆ ಅದುವರೆಗೆ ತಯಾರಾಗಿದ್ದುದೆಂದರೆ ಚುಂಗಾಣಿಗಳನ್ನಿಡುವ ಒಂದು ಹಲಗೆ ಮಾತ್ರವೆಂದು ಆತನೇ ಹೇಳಿಕೊಳ್ಳುತ್ತಿದ್ದನಂತೆ. ಇದರ ಮೇಲೆ ಆತನು ಕ್ಯಾಥೊಲಿಕ್. ಕೆಥೆಡ್ರಲ್ಲಾದರೋ ಆಂಗ್ಲಿಕನ್ ಪಂಥದ್ದು. ಸಮಿತಿಯವರು ಈ ಎಳೆಯನ ಕೈಗೆ ಇಷ್ಟು ದೊಡ್ಡ ಕಾರ್ಯವನ್ನು ಒಪ್ಪಿಸಲು ಅಂಜಿ, ಬೊಡ್ಲಿಯನ್ನೇ ಜತೆಯ ವಾಸ್ತುಶಿಲ್ಪಿಯನ್ನಾಗಿ ನೇಮಿಸಿದರು. 1904ರ ಜುಲೈ 19ರಂದು ಏಳನೆಯ ಎಡ್ವರ್ಡ್ ದೊರೆಯು ಅಸ್ತಿಭಾರದ ಶಿಲೆಯನ್ನಿಟ್ಟನು.

ಹಿರಿಯನಿಗೂ ಕಿರಿಯನಿಗೂ ಹೊಂದಿಕೆಯಾಗಲಿಲ್ಲ. ಬೊಡ್ಲಿಗೆ ಅಮೆರಿಕದ ಕೆಥೆಡ್ರಲ್ ಕೆಲಸವೂ ಇದ್ದುದರಿಂದ ಆತನ ಗಮನವು ಹಂಚಿಹೋಗಿ, ಸ್ಕಾಟ್ ರಾಜೀನಾಮೆ ಕೊಡುವ ಹಂತಕ್ಕೆ ಬಂದಿದ್ದಾಗ, 1907ರಲ್ಲಿ ಬೊಡ್ಲಿ ತೀರಿಕೊಂಡನು. 1910ರಲ್ಲಿ ಲೇಡಿ ಚಾಪೆಲ್ ಎಂಬ ಮೊದಲ ಭಾಗವು ಪ್ರತಿಷ್ಠಿತವಾಯಿತು. ಆ ವೇಳೆಗೆ ಸ್ಕಾಟನು ತಾನು ಬಹುಮಾನ ಪಡೆದಿದ್ದ ನಕ್ಷೆಯಲ್ಲಿಯೇ ಅತೃಪ್ತನಾಗಿದ್ದನು. ಅದರಲ್ಲಿದ್ದ ಅವಳಿ ಗೋಪುರಗಳನ್ನು ಕೈಬಿಟ್ಟು, ಮಧ್ಯದಲ್ಲಿ ಒಂದೇ ಒಂದು ಮಹಾಗೋಪುರವನ್ನೂ ಅದರ ಅಡಿಯಲ್ಲಿ ವಿಶಾಲವಾದ ಮಧ್ಯಾಂಗಣವನ್ನೂ ಕಲ್ಪಿಸಿ, ಕಟ್ಟಡವು ಮೇಲೇಳುತ್ತಿರುವಾಗಲೇ ಇಡಿಯ ಯೋಜನೆಯನ್ನು ಹೊಸದಾಗಿ ಬರೆದು ಸಮಿತಿಯ ಮುಂದಿಟ್ಟನು, ಸಮಿತಿಯೂ ಒಪ್ಪಿತು. ತನಗೆ ಕೀರ್ತಿಯನ್ನು ತಂದ ಕೃತಿಯನ್ನು ತಾನೇ ಅಳಿಸಿ ತಿದ್ದುವ ಈ ಧೈರ್ಯವು ಕಲಾವಿದರಲ್ಲಿ ವಿರಳ. ಲೇಡಿ ಚಾಪೆಲ್ಲಿನ ಸೂಕ್ಷ್ಮ ಕುಸುರಿಯಿಂದ ಹೊರಟು, ವುಲ್ಟನ್ ಗಣಿಯ ಕೆಂಪು ಮರಳುಗಲ್ಲಿನ ವಿಸ್ತಾರವಾದ ಬರಿಯ ಗೋಡೆಗೂ, ಎಲ್ಲಿ ಬೇಕೋ ಅಲ್ಲಿ ಮಾತ್ರ ಒಟ್ಟಾಗಿ ಕೂಡಿದ ಅಲಂಕಾರಕ್ಕೂ ಬಂದು ಮುಟ್ಟಿದುದೇ ಆತನ ಕಲೆಯ ಪ್ರೌಢಿಮೆ. ಮುಂದಿನ ಸಕಲ ನಿರ್ಮಾಣಗಳಿಗೂ ಇದೇ ಮೂಲಧನವಾಯಿತು.

ಮೊದಲನೆಯ ಮಹಾಯುದ್ಧವು ಕೆಲಸವನ್ನು ಕುಂಠಿತಗೊಳಿಸಿತು. 1924ರಲ್ಲಿ ಪೂರ್ವಭಾಗವು ಪ್ರತಿಷ್ಠೆಗೊಂಡಾಗ ಐದನೆಯ ಜಾರ್ಜ್ ದೊರೆಯು ಆತನಿಗೆ ಸರ್ ಪದವಿಯನ್ನು ದಯಪಾಲಿಸಿದನು. ಅದೇ ನಗರದಲ್ಲಿ ಕ್ಯಾಥೊಲಿಕರು ತಮ್ಮ ಕೆಥೆಡ್ರಲ್ಲಿಗಾಗಿ ಕರೆದದ್ದು ನವದೆಹಲಿಯ ನಿರ್ಮಾತೃವಾದ, ಆಂಗ್ಲಿಕನ್ನನಾದ ಎಡ್ವಿನ್ ಲ್ಯೂಟಿಯೆನ್ಸನನ್ನು. ಆದರೆ ಲ್ಯೂಟಿಯೆನ್ಸನ ಬೃಹತ್ಕಲ್ಪನೆಯಲ್ಲಿ ನೆಲಮಾಳಿಗೆಯೊಂದು ಮಾತ್ರ ಸಿದ್ಧಿಸಿ, ಉಳಿದುದೆಲ್ಲವೂ ಹಣದ ಅಭಾವದಿಂದ ಕಾಗದದಲ್ಲಿಯೇ ನಿಂತಿತು. ಸ್ಕಾಟನಾದರೋ ಎರಡನೆಯ ಮಹಾಯುದ್ಧದ ನಡುವೆ, ಜರ್ಮನ್ ವಿಮಾನಗಳ ಬಾಂಬುಗಳು ಆ ನಗರದ ಮೇಲೆ ಬಿದ್ದ ಮರುವರ್ಷವೇ, 1942ರ ಫೆಬ್ರವರಿಯಲ್ಲಿ, 331 ಅಡಿ ಎತ್ತರದ ಆ ಗೋಪುರದ ತುದಿಗೆ ತಾನೇ ಏರಿ ಕಡೆಯ ಶಿಖರಶಿಲೆಯನ್ನು ಕೂರಿಸಿದನು.

ಕೆಥೆಡ್ರಲ್ಲಿನ ಶಿಲ್ಪಿಗೆ ಟೆಲಿಫೋನ್ ಗೂಡಿನ ಗೊಡವೆ ಬಂದುದು ಹೀಗೆ. 1921ರಲ್ಲಿ ಅಂಚೆ ಇಲಾಖೆಯವರು ಹೊರತಂದ ಕಾಂಕ್ರೀಟಿನ ಗೂಡು ಲಂಡನ್ನಿನವರಿಗೆ ಹಿಡಿಸಲಿಲ್ಲವಾಗಿ, 1924ರಲ್ಲಿ ಕೆಲವರು ಖ್ಯಾತ ವಾಸ್ತುಶಿಲ್ಪಿಗಳಿಂದ ನಮೂನೆಗಳನ್ನು ತರಿಸಲಾಯಿತು. ಗೆದ್ದದ್ದು ಸ್ಕಾಟನ ನಮೂನೆ. ಅದರ ಮೇಲಿನ ತಗ್ಗಾದ ಗುಮ್ಮಟದಲ್ಲಿ ಸರ್ ಜಾನ್ ಸೋನ್ ಎಂಬ ಹಿಂದಿನ ಶತಮಾನದ ವಾಸ್ತುಶಿಲ್ಪಿಯು ತನ್ನ ಕುಟುಂಬಕ್ಕಾಗಿ ಕಟ್ಟಿಸಿದ ಸಮಾಧಿಯ ಛಾಯೆಯನ್ನು ರಸಿಕರು ಗುರುತಿಸಿದ್ದಾರೆ. ಉಕ್ಕಿನಿಂದ ಮಾಡಿ ಹೊರಗೆ ಬೆಳ್ಳಿಯ ಬಣ್ಣವನ್ನು ಬಳಿಯಬೇಕೆಂದು ಆತನು ಸೂಚಿಸಿದ್ದರೂ, ಇಲಾಖೆಯವರು ಬೀಡುಕಬ್ಬಿಣದಲ್ಲಿ ಎರಕ ಹೊಯ್ದು ಕೆಂಪು ಬಳಿದರು. ಇಂದು ಇಂಗ್ಲೆಂಡಿನ ಲಾಂಛನದಂತಾಗಿರುವುದು ಶಿಲ್ಪಿಯು ಕೋರದೆ ಇದ್ದ ಆ ಕೆಂಪೇ. 1935ರಲ್ಲಿ, ದೊರೆಯ ರಜತೋತ್ಸವದ ಸಂದರ್ಭದಲ್ಲಿ, ಆತನು ರಚಿಸಿದ ಇನ್ನೂ ಚಿಕ್ಕದಾದ ನಮೂನೆಯು ಮುಂದೆ ಸುಮಾರು 60,000 ಸಂಖ್ಯೆಯಲ್ಲಿ ದೇಶದ ಮೂಲೆಮೂಲೆಗೂ ಹೋಯಿತು.

ಲಂಡನ್ನಿನ ಬ್ಯಾಟರ್ಸೀಯಲ್ಲಿ ಮಹತ್ತರವಾದ ವಿದ್ಯುದಾಗಾರವನ್ನು ನಿರ್ಮಿಸುವ ಪ್ರಸ್ತಾಪವು ಬಂದಾಗ, ಹೊಗೆಯಿಂದಲೂ ವಿಕಾರದಿಂದಲೂ ನಗರವು ಕೆಡುವುದೆಂದು ಜನರು ಕೂಗೆಬ್ಬಿಸಿದರು. ಕಂಪನಿಯವರು ಆ ಕೂಗನ್ನು ತಣಿಸಲೆಂದೇ ಸ್ಕಾಟನನ್ನು ಸಲಹೆಗಾರನನ್ನಾಗಿ ಬರಮಾಡಿಕೊಂಡರು. ಯಂತ್ರಗಳ ವಿನ್ಯಾಸವನ್ನು ಇಂಜಿನಿಯರರು ಆಗಲೇ ನಿಶ್ಚಯಿಸಿಬಿಟ್ಟಿದ್ದರು. ಸ್ಕಾಟನಿಗೆ ಉಳಿದದ್ದು ಹೊರಗೋಡೆಗಳು ಮತ್ತು ಹೊಗೆಗೂಡುಗಳು. ಗೋಡೆಗಳ ಅಂಚಿನಲ್ಲಿ ಇಟ್ಟಿಗೆಯ ಗೀರುಗಳನ್ನು ಎತ್ತಿ, ಹೊಗೆಗೂಡುಗಳಿಗೆ ಗ್ರೀಕ್ ಕಂಬಗಳ ನೀಳಗೆರೆಗಳನ್ನು ಕೊಟ್ಟು, ಲಿವರ್‌ಪೂಲಿನಲ್ಲಿ ಕಲಿತ ಬರಿಯ ಗೋಡೆಯ ಗಾಂಭೀರ್ಯವನ್ನೇ ಆತನು ಇಲ್ಲಿಗೂ ತಂದನು. ಮುಂದೆ 1947ರಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿಗೆ ಎದುರಾಗಿ, ನದಿಯ ಆಚೆಯ ದಡದ ಬ್ಯಾಂಕ್‌ಸೈಡಿನಲ್ಲಿ ಇನ್ನೊಂದು ವಿದ್ಯುದಾಗಾರವನ್ನು ಕಲ್ಪಿಸುವಾಗ, ಹೊಗೆಗೂಡುಗಳನ್ನೆಲ್ಲ ಒಂದೇ ಗೋಪುರದಲ್ಲಿ ಅಡಗಿಸಿ, ಅದರ ಎತ್ತರವು ಆ ಕೆಥೆಡ್ರಲ್ಲಿನ ಗುಮ್ಮಟವನ್ನು ಮೀರದಂತೆ 99 ಮೀಟರಿಗೆ ಮಿತಗೊಳಿಸಿದನು.

ಇವಲ್ಲದೆ 1934ರಲ್ಲಿ ತೆರೆದ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯ, ಯುದ್ಧದ ದಿನಗಳಲ್ಲಿ ಸ್ತ್ರೀಯರು ಬಹುಮಟ್ಟಿಗೆ ದುಡಿದು ಕಟ್ಟಿದ ವಾಟರ್‌ಲೂ ಸೇತುವೆ, 1941ರ ಮೇ ತಿಂಗಳ ಬಾಂಬುದಾಳಿಯಲ್ಲಿ ಭಸ್ಮವಾಗಿ 1950ರಲ್ಲಿ ಮರಳಿ ಎದ್ದ ಹೌಸ್ ಆಫ್ ಕಾಮನ್ಸಿನ ಸಭಾಂಗಣ, ಇವೂ ಆತನ ಕೃತಿಗಳೇ. ಆ ಸಭಾಂಗಣದ ಪ್ರವೇಶದ್ವಾರದ ಕದಗಳು ಭಾರತ, ಪಾಕಿಸ್ತಾನಗಳ ಕೊಡುಗೆ. ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಜಮನ್ನಣೆಯ ಸಂಸ್ಥೆಗೆ 1933ರಿಂದ 1935ರವರೆಗೆ ಅಧ್ಯಕ್ಷನಾಗಿದ್ದ ಆತನು ಪ್ರಾಚೀನ ಶೈಲಿಗಳನ್ನು ನಕಲು ಮಾಡುವವರನ್ನೂ, ಭೂತಕಾಲವನ್ನು ಸಮೂಲವಾಗಿ ತ್ಯಜಿಸುವ ನವ್ಯರನ್ನೂ ಒಪ್ಪದೆ ಮಧ್ಯಮಾರ್ಗವೊಂದನ್ನು ಪ್ರತಿಪಾದಿಸಿದನು. ಮಧ್ಯಮಾರ್ಗಿಗೆ ಉಭಯ ಪಕ್ಷಗಳಿಂದಲೂ ಪೆಟ್ಟು ತಪ್ಪದು. ಕಾವೆಂಟ್ರಿಯ ಕೆಥೆಡ್ರಲ್ಲಿಗಾಗಿ ಆತನು ಬರೆದ ನಕ್ಷೆಯು ಇಂಥ ವಾಗ್ವಾದದಲ್ಲಿಯೇ ಬಿದ್ದುಹೋಯಿತು.

1960ರ ಫೆಬ್ರವರಿ 8ರಂದು ಸ್ಕಾಟ್ ನಿಧನನಾದಾಗ, ಐವತ್ತೇಳು ವರ್ಷಗಳ ಹಿಂದೆ ಗೆದ್ದುಕೊಂಡಿದ್ದ ಕೆಥೆಡ್ರಲ್ ಇನ್ನೂ ಅಪೂರ್ಣವಾಗಿಯೇ ಇತ್ತು. ಪಶ್ಚಿಮಭಾಗವನ್ನು ಸರಳಗೊಳಿಸಿ ಅದನ್ನು ಮುಗಿಸಿದ್ದು 1978ರಲ್ಲಿ. ಆತನ ಸಮಾಧಿ ಇರುವುದು ಆ ಪಶ್ಚಿಮದ್ವಾರದ ಹೊರಗೆ.

ಇಂಜಿನಿಯರರ ಯಂತ್ರಗಳಿಗೆ ಇಟ್ಟಿಗೆಯ ಅಂಗಿಯನ್ನು ತೊಡಿಸಿದವನು ಮಾತ್ರ ಈತನೆಂದು ಜರೆದವರು ಆ ಕಾಲಕ್ಕೆ ಇದ್ದರು. ಅವರಿಗೆ ಉತ್ತರವನ್ನು ಕಾಲವೇ ಕೊಟ್ಟಿದೆ. ಬ್ಯಾಂಕ್‌ಸೈಡಿನ ಯಂತ್ರಗಳು 1981ರಲ್ಲಿ ನಿಂತವು. 2000ದಿಂದ ಅಲ್ಲಿರುವುದು ಟೇಟ್ ಮಾಡರ್ನ್ ಎಂಬ ಕಲಾಸಂಗ್ರಹಾಲಯ. ಬ್ಯಾಟರ್ಸೀಯು ಅಂಗಡಿ, ಕಚೇರಿ, ವಸತಿಗಳ ತಾಣವಾಗಿದೆ. ಕಟ್ಟಡವನ್ನು ಬೇಡಿದ ಪ್ರಯೋಜನವು ತೀರಿಹೋದ ಮೇಲೆ ಅದನ್ನು ಕೆಡವಲು ಮನಸ್ಸಾಗದೆ ಜನರು ಅದಕ್ಕೆ ಬೇರೊಂದು ಪ್ರಯೋಜನವನ್ನು ತಾವಾಗಿಯೇ ಹುಡುಕಿಕೊಡುವರಾದರೆ, ಆ ಗೋಡೆಗಳು ಬರಿಯ ಅಂಗಿಯಾಗಿರಲಿಲ್ಲವೆಂದೇ ಅರ್ಥ. ದೇವರ ಮನೆಗೆ ಸಲ್ಲುವ ಶ್ರದ್ಧೆಯನ್ನು ಕಲ್ಲಿದ್ದಲಿನ, ಎಣ್ಣೆಯ ಮನೆಗಳಿಗೂ ಸಲ್ಲಿಸಿದ ಶಿಲ್ಪಿಗೆ ಇದಕ್ಕಿಂತ ಮಿಗಿಲಾದ ಸಮರ್ಥನೆ ಬೇಕಿಲ್ಲ.