ಪೆಟ್ಟಿಗೆಯೊಳಗಿನ ಟೀಕೆ

ವಾಚಕರೇ, ಹಳೆಯ ವಾಲ್ವು ರೇಡಿಯೋದ ಹಿಂಬದಿಯ ರಟ್ಟನ್ನು ಕಳಚಿ ನೋಡಿದವರು ತಮ್ಮಲ್ಲಿ ಇದ್ದೇ ಇರುತ್ತಾರೆ. ಯಾವ ವಾಲ್ವು ಎಲ್ಲಿ ಕೂರಬೇಕೆಂದು ತೋರಿಸುವ ಕಾಗದವೊಂದು ಅನೇಕ ಪೆಟ್ಟಿಗೆಗಳಲ್ಲಿ ಒಳಗೇ ಅಂಟಿರುತ್ತಿತ್ತು. ಇಂದು ಮನೆಗೆ ಅಂತರಜಾಲವನ್ನು ತಂದುಕೊಡುವ ರೂಟರ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಅಂಥ ಕಾಗದವಿಲ್ಲ. ಏಕಿಲ್ಲವೆಂಬುದಕ್ಕೆ ಒಂದು ಚರಿತ್ರೆಯಿದೆ.

ಈ ಪೆಟ್ಟಿಗೆಗಳಲ್ಲಿ ಅನೇಕವು ಲಿನಕ್ಸ್‌ನಿಂದ ನಡೆಯತಕ್ಕವು. ಲಿನಕ್ಸ್‌ಗೆ ಮಾದರಿಯಾದದ್ದು ಅಮೆರಿಕದ ಬೆಲ್ ಪ್ರಯೋಗಶಾಲೆಯ ಯೂನಿಕ್ಸ್. ಅದರ ಕೈಪಿಡಿಯ ಮೊದಲ ಆವೃತ್ತಿಯನ್ನು ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಇವರು 1971ರ ನವೆಂಬರ್ 3ರಂದು ಹೊರತಂದರು. ಒಂದೊಂದು ಆಜ್ಞೆಗೂ ಪ್ರತ್ಯೇಕ ಪುಟ. ಅದರಲ್ಲಿ 'ದೋಷಗಳು' ಎಂಬುದೂ ಒಂದು ತಲೆಬರಹ. ತಮ್ಮ ದೋಷಗಳನ್ನು ತಾವೇ ಅಚ್ಚು ಹಾಕಿಸಿದ ಗ್ರಂಥಕರ್ತರನ್ನು ನಾನು ಹೆಚ್ಚಾಗಿ ಕಂಡವನಲ್ಲ! ಮುಂದೆ ಆ ಪುಟಗಳು ಯಂತ್ರದೊಳಗೇ ಸೇರಿದವು. 'ಮ್ಯಾನ್' ಎಂದು ಬರೆದು ಆಜ್ಞೆಯ ಹೆಸರನ್ನು ಸೇರಿಸಿದರೆ ವಿವರಣೆ ಎದುರಿಗೆ ಮೂಡುವುದು. ನಮ್ಮ ಕೇಶಿರಾಜನು ಶಬ್ದಮಣಿದರ್ಪಣದ ಸೂತ್ರಗಳಿಗೆ ತಾನೇ ವೃತ್ತಿಯನ್ನೂ ಬರೆದಿಟ್ಟನಲ್ಲವೆ, ಹಾಗೆ.

ಸ್ಥಳ ಕಿರಿದಾದಾಗ ವೃತ್ತಿಗೆ ಕುತ್ತು ಬಂತು. ಡೆಬಿಯನ್ ಲಿನಕ್ಸನ್ನು ಸ್ಥಾಪಿಸುವ ಸಾಮಗ್ರಿಯನ್ನು ಒಂದೇ ಫ್ಲಾಪಿಯಲ್ಲಿ, ಎಂದರೆ 1.44 ಎಂಬಿಯಲ್ಲಿ, ಅಡಕಮಾಡಬೇಕೆಂದು ಬ್ರೂಸ್ ಪೆರೆನ್ಸ್ 1995ರಲ್ಲಿ 'ಬಿಜಿಬಾಕ್ಸ್' ಬರೆದರು. ಹತ್ತಾರು ಆಜ್ಞೆಗಳು ಒಂದೇ ಕಡತದಲ್ಲಿ. 2002ರ ಕೊನೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರಿನಲ್ಲಿ ಇದ್ದದ್ದು ಬರಿಯ 4 ಎಂಬಿ ಫ್ಲಾಶ್. ಅದರಲ್ಲಿ ಕೈಪಿಡಿಗೆ ಎಡೆಯೆಲ್ಲಿ? ಬಿಜಿಬಾಕ್ಸ್ ಚುಟುಕಾದ ಸಹಾಯದ ಸಾಲುಗಳನ್ನಷ್ಟೇ ಹಿಂಡಿ ತನ್ನೊಳಗೆ ಇಟ್ಟುಕೊಂಡಿತು. ಟೀಕೆ ಹೋಗಿ ಸೂತ್ರ ಉಳಿಯಿತು.

ಆದರೆ 2024ರಲ್ಲಿ ಹೊರಬಂದ ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ರೂಟರಿನಲ್ಲಿ 256 ಎಂಬಿ ಇದೆ, 64 ಪಟ್ಟು! ಲಿನಕ್ಸಿನ ಮುಖ್ಯ ಕೈಪಿಡಿಯನ್ನು ಹಿಂಡಿದರೆ ಕೆಲವೇ ಎಂಬಿ ಆದೀತು. ಎಡೆ ಬಂದರೂ ಇಕ್ಕಟ್ಟಿನ ಕಾಲದ ಅಭ್ಯಾಸ ಹೋಗಿಲ್ಲ. ಎಲ್ಲವೂ ಜಾಲದಲ್ಲಿದೆಯಲ್ಲ ಎನ್ನುತ್ತಾರೆ.

ಕಳೆದ ಮಳೆಗಾಲದಲ್ಲಿ ಕರೆಂಟು ನಾಲ್ಕಾರು ಬಾರಿ ಹೋಗಿ ಬಂದು ನಮ್ಮ ಮನೆಯ ರೂಟರ್ ಕಲಿತದ್ದನ್ನೆಲ್ಲ ಮರೆತು ಕುಳಿತಿತು. ಡಬ್ಬಿಯ ಮೇಲಿನ ಸೂಚನೆ: ವಿವರಗಳಿಗೆ ಜಾಲತಾಣವನ್ನು ನೋಡಿರಿ. ನಮಗೆ ಜಾಲವೆಂಬುದು ದೊರೆಯುವುದೇ ಆ ರೂಟರಿನಿಂದ! ಪಕ್ಕದ ಮನೆಯ ಹುಡುಗ ಶಾಲೆಯಿಂದ ಬಂದ ಮೇಲೆ ಅವನ ಮೊಬೈಲಿನಲ್ಲಿ ಓದಿ ಸರಿಪಡಿಸುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿತ್ತು.