ಹಳೆಯ ಸಂಗೀತ ತಂತ್ರಾಂಶ, ಹೊಸ ಕಂಪ್ಯೂಟರ್

ನವೆಂಬರ್ ಸಮೀಪಿಸುತ್ತಿದ್ದಂತೆ ದುಬೈ, ಅಬುಧಾಬಿ, ಶಾರ್ಜಾಗಳ ಕನ್ನಡಿಗರ ಮನೆಗಳಲ್ಲಿ ರಾಜ್ಯೋತ್ಸವದ ತಾಲೀಮು ಆರಂಭವಾಗುತ್ತದೆ. ಹಾಡಿಗೂ ನೃತ್ಯಕ್ಕೂ ಬೇಕಾದ ಹಿನ್ನೆಲೆ ಟ್ರ್ಯಾಕುಗಳನ್ನು ಊರಿನ ಸ್ಟುಡಿಯೋಗಳಿಂದ ತರಿಸುವವರಿರುವಂತೆ, ಕಚೇರಿಯ ಕೆಲಸ ಮುಗಿಸಿ ಬಂದು ಮನೆಯ ಕಂಪ್ಯೂಟರಿನಲ್ಲೇ ಕಟ್ಟಿಕೊಳ್ಳುವವರೂ ಇದ್ದಾರೆ. ಹಲವು ವರ್ಷಗಳ ಹಿಂದೆ ಕಟ್ಟಿದ ಟ್ರ್ಯಾಕೊಂದು ಈ ಸಲ ಮತ್ತೆ ಬೇಕಾಗುತ್ತದೆ. ಆದರೆ ಹಾಡುವವರು ಬೇರೆ. ಕಪ್ಪು ಎರಡರಲ್ಲಿದ್ದುದನ್ನು ಬಿಳಿ ಒಂದಕ್ಕೆ ಇಳಿಸಬೇಕು, ಹಿಂದಿನ ಗಾಯಕರ ದನಿಯನ್ನು ತೆಗೆದು ವಾದ್ಯಗಳನ್ನಷ್ಟೇ ಉಳಿಸಬೇಕು. ಅದಕ್ಕೆ ಸಿದ್ಧಗೊಂಡ ಎಂಪಿ3 ಸಾಲದು, ಮೂಲ ಪ್ರಾಜೆಕ್ಟ್ ಕಡತವೇ ಬೇಕು. ಆ ಕಡತವೋ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆಯುವುದೇ ಇಲ್ಲ.

1978ರಲ್ಲಿ ಕ್ಯಾಸೆಟ್ಟಾಗಿ ಬಂದ ‘ನಿತ್ಯೋತ್ಸವ’ವನ್ನು ಸುಸ್ಥಿತಿಯಲ್ಲಿರುವ ಯಾವ ಟೇಪ್ ರೆಕಾರ್ಡರಿನಲ್ಲಾದರೂ ಇಂದಿಗೂ ಕೇಳಬಹುದು. ಅದಕ್ಕಿಂತ ಕಾಲು ಶತಮಾನ ಈಚೆಗೆ ಮನೆಯ ಕಂಪ್ಯೂಟರಿನಲ್ಲಿ ಮುದ್ರಿಸಿಟ್ಟ ತಾಯಿಯ ದೇವರನಾಮಕ್ಕೆ ಆ ಭಾಗ್ಯ ಇಲ್ಲದಿರಬಹುದು. ಇದು ಏಕೆ ಹೀಗೆ, ಇದಕ್ಕೆ ಪರಿಹಾರವೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಡತ ತೆರೆಯದಿರಲು ಕಾರಣಗಳು

ಸಂಗೀತ ತಂತ್ರಾಂಶವು ಒಂದೇ ವಸ್ತುವಲ್ಲ. ನಾಲ್ಕು ಪದರಗಳ ಕಟ್ಟಡ. ಯಾವ ಪದರ ಕುಸಿದರೂ ಹಾಡು ನಿಲ್ಲುತ್ತದೆ.

ಮೊದಲನೆಯದು ಕಾರ್ಯಾಚರಣೆ ವ್ಯವಸ್ಥೆ. 64 ಬಿಟ್‌ನ ವಿಂಡೋಸ್ 32 ಬಿಟ್‌ನ ತಂತ್ರಾಂಶಗಳನ್ನು ನಡೆಸಬಲ್ಲದು, 16 ಬಿಟ್‌ನವನ್ನು ನಡೆಸಲಾರದು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್‌ನ ಆವೃತ್ತಿಯೇ ಇಲ್ಲ. ಮುಖ್ಯ ತಂತ್ರಾಂಶ 32 ಬಿಟ್‌ನದಾಗಿದ್ದು, ಅದನ್ನು ಸ್ಥಾಪಿಸುವ ಪುಟ್ಟ ಪ್ರೋಗ್ರಾಂ ಮಾತ್ರ 16 ಬಿಟ್‌ನದಾಗಿರುವುದೂ ಉಂಟು. ಆಗ ತೊಂದರೆಯಿರುವುದು ಬಾಗಿಲಿನಲ್ಲಿ, ಮನೆಯಲ್ಲಲ್ಲ. ಮ್ಯಾಕ್‌ನಲ್ಲಿ ಗೆರೆ ಇನ್ನೂ ಸ್ಪಷ್ಟ: 2019ರ ಕ್ಯಾಟಲಿನಾ ಆವೃತ್ತಿಯಿಂದ 32 ಬಿಟ್‌ನ ಯಾವ ತಂತ್ರಾಂಶವೂ ನಡೆಯದು. 2020ರಲ್ಲಿ ಆಪಲ್ ತನ್ನದೇ ಚಿಪ್‌ಗಳಿಗೆ ಹೊರಳಿದಾಗ ಇಂಟೆಲ್ ಕಾಲದ ತಂತ್ರಾಂಶಗಳಿಗಾಗಿ ರೊಸೆಟಾ 2 ಎಂಬ ಭಾಷಾಂತರಕಾರನನ್ನು ಕೊಟ್ಟಿತು. ಅದು 64 ಬಿಟ್‌ನವನ್ನಷ್ಟೇ ಭಾಷಾಂತರಿಸುತ್ತದೆ.

ಎರಡನೆಯದು ಪ್ಲಗಿನ್‌ಗಳು. ಮುಖ್ಯ ತಂತ್ರಾಂಶದೊಳಗೆ ಕುಳಿತು ಕೊಳಲು, ವೀಣೆ, ತಬಲಗಳ ದನಿ ಕೊಡುವ ಅಥವಾ ಗಾಯನಕ್ಕೆ ಅನುರಣನ ಸೇರಿಸುವ ಉಪತಂತ್ರಾಂಶಗಳಿವು. ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ ವಿಎಸ್‌ಟಿ ಎಂಬ ಮಾದರಿಯನ್ನು ತಂದ ಮೇಲೆ ಇವು ಸಾವಿರಾರು ಸಂಖ್ಯೆಯಲ್ಲಿ ಹುಟ್ಟಿದವು. 64 ಬಿಟ್‌ನ ತಂತ್ರಾಂಶದೊಳಗೆ 32 ಬಿಟ್‌ನ ಪ್ಲಗಿನ್ ನೇರವಾಗಿ ಕೂರಲಾರದು. ಪ್ರಾಜೆಕ್ಟ್ ತೆರೆದರೂ ವೀಣೆ ಮೌನವಾಗಿರಲು ಕಾರಣ ಸಾಮಾನ್ಯವಾಗಿ ಇದೇ.

ಮೂರನೆಯದು ಡ್ರೈವರ್. ಮೈಕು, ಕೀಬೋರ್ಡುಗಳನ್ನು ಜೋಡಿಸುವ ಹಳೆಯ ಸೌಂಡ್ ಕಾರ್ಡುಗಳಿಗೆ 64 ಬಿಟ್‌ನ ಡ್ರೈವರನ್ನು ತಯಾರಕರು ಬರೆಯದಿದ್ದರೆ ಆ ಉಪಕರಣ ಹೊಸ ಯಂತ್ರಕ್ಕೆ ಕಾಣಿಸದು. 2025ರ ಮ್ಯಾಕ್ ಆವೃತ್ತಿಯಲ್ಲಿ ಫೈರ್‌ವೈರ್ ಬೆಂಬಲವೇ ಇಲ್ಲವಾದ್ದರಿಂದ ಆ ಜೋಡಣೆಯ ಉಪಕರಣಗಳೂ ಮೂಲೆ ಸೇರಿದವು.

ನಾಲ್ಕನೆಯದು ಪರವಾನಗಿ. ಹಣ ಕೊಟ್ಟು ಕೊಂಡ ತಂತ್ರಾಂಶವೂ ಯುಎಸ್‌ಬಿ ಕೀಲಿ ಇಲ್ಲದೆ, ಇಲ್ಲವೇ ಸಂಸ್ಥೆಯ ಸರ್ವರಿನ ಒಪ್ಪಿಗೆ ಸಿಗದೆ ನಡೆಯದಿರಬಹುದು. ಸ್ಟೈನ್‌ಬರ್ಗ್ ತನ್ನ ಇ-ಲೈಸೆನ್ಸರ್ ಸೇವೆಯನ್ನು 2025ರ ಮೇ ತಿಂಗಳಲ್ಲಿ ಕೊನೆಗೊಳಿಸಿತು. ಹಳೆಯ ಕೀಲಿಯಲ್ಲಿರುವ ಪರವಾನಗಿ ಈಗಲೂ ಕೆಲಸ ಮಾಡುತ್ತದೆ. ಕೀಲಿ ಕೆಟ್ಟರೆ ಅಥವಾ ಕಳೆದರೆ ಇನ್ನೊಂದಿಲ್ಲ.

ತಂತ್ರಾಂಶಗಳ ವಂಶಾವಳಿ

ಹಳೆಯ ಕಡತದ ಭವಿಷ್ಯವು ಅದರ ತಂತ್ರಾಂಶದ ವಂಶ ಬೆಳೆಯಿತೇ, ನಿಂತಿತೇ ಎಂಬುದನ್ನು ಅವಲಂಬಿಸಿದೆ. 1987ರಲ್ಲಿ ಆರಂಭವಾದ ಕೇಕ್‌ವಾಕ್ 2013ರಲ್ಲಿ ಗಿಬ್ಸನ್ ಕೈಸೇರಿ, 2017ರಲ್ಲಿ ನಿಂತು, 2018ರಲ್ಲಿ ಸಿಂಗಪುರದ ಬ್ಯಾಂಡ್‌ಲ್ಯಾಬ್ ಆಶ್ರಯದಲ್ಲಿ ಮತ್ತೆ ಉಸಿರಾಡಿತು. ವಂಶ ಮುಂದುವರಿದುದರಿಂದ ಹಳೆಯ ಸೋನಾರ್ ಕಡತಗಳಿಗೆ ದಾರಿ ಉಳಿದಿದೆ. ಕೂಲ್ ಎಡಿಟ್ ಪ್ರೊ 2003ರಲ್ಲಿ ಅಡೋಬಿಗೆ ಮಾರಾಟವಾಗಿ ಆಡಿಶನ್ ಎಂಬ ಹೆಸರು ಪಡೆಯಿತು. ಲಾಜಿಕ್‌ನ ಕಥೆ ಬೇರೆ: 2002ರಲ್ಲಿ ಆಪಲ್ ಅದನ್ನು ಕೊಂಡ ಮೇಲೆ ವಿಂಡೋಸ್ ಆವೃತ್ತಿ ನಿಂತೇ ಹೋಯಿತು. ಕ್ಯೂಬೇಸ್‌ನಲ್ಲಿ 2002ರ ಎಸ್‌ಎಕ್ಸ್ ಆವೃತ್ತಿಯೇ ಗಡಿ. ಅದರ ನಂತರದ ಕಡತಗಳನ್ನು ಈಗಿನ ಆವೃತ್ತಿ ಓದುತ್ತದೆ. ಅದಕ್ಕೂ ಹಿಂದಿನವನ್ನು ಎಸ್‌ಎಕ್ಸ್ ಕಾಲದ ಆವೃತ್ತಿಯೊಂದರ ಮೂಲಕ ದಾಟಿಸಬೇಕು.

ದಾರಿಗಳು, ಸುಲಭದಿಂದ ಕಠಿಣದೆಡೆಗೆ

ಎಲ್ಲಕ್ಕಿಂತ ಮೊದಲು, ಹಳೆಯ ಹಾರ್ಡ್ ಡಿಸ್ಕಿನ ಪೂರ್ಣ ಪ್ರತಿ ತೆಗೆಯಬೇಕು. ವರ್ಷಗಟ್ಟಲೆ ಮಲಗಿದ್ದ ಡಿಸ್ಕು ಕೆಲವೇ ಗಂಟೆ ತಿರುಗಿ ನಿಂತುಬಿಡಬಹುದು. ಆ ಗಂಟೆಗಳನ್ನು ಪ್ರಯೋಗಗಳಲ್ಲಿ ಕಳೆಯಬಾರದು. ಹಳೆಯ ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಗ್ಗದ ಅಡಾಪ್ಟರ್ ಇದಕ್ಕೆ ಸಾಕು. ಮುಂದಿನ ಪ್ರಯತ್ನಗಳೆಲ್ಲ ಪ್ರತಿಯ ಮೇಲೆಯೇ ನಡೆಯಲಿ.

ಎರಡನೆಯದಾಗಿ, ಪ್ರಾಜೆಕ್ಟಿನ ಫೋಲ್ಡರನ್ನು ಹುಡುಕಿ. ಅನೇಕ ತಂತ್ರಾಂಶಗಳಲ್ಲಿ ಪ್ರಾಜೆಕ್ಟ್ ಕಡತವು ಬರಿಯ ಸೂಚಿ; ಹಾಡಿದ ದನಿ ಪಕ್ಕದ ಫೋಲ್ಡರಿನಲ್ಲಿ ವೇವ್ ಕಡತಗಳಾಗಿ ಇರುತ್ತದೆ. 1991ರ ಆ ಮಾದರಿಯನ್ನು ಇಂದಿನ ಎಲ್ಲ ಯಂತ್ರಗಳೂ ಓದುತ್ತವೆ. ತಂತ್ರಾಂಶವನ್ನು ತೆರೆಯದೆಯೇ ತಾಯಿಯ ದನಿ ಕೇಳಿಸಿಬಿಡಬಹುದು.

ಮೂರನೆಯದು ಸೇತುವೆ. ರೀಪರ್‌ನಂತಹ ತಂತ್ರಾಂಶಗಳಲ್ಲಿ 32 ಬಿಟ್‌ನ ಪ್ಲಗಿನ್‌ಗಳನ್ನು ನಡೆಸುವ ವ್ಯವಸ್ಥೆ ವಿಂಡೋಸ್‌ನಲ್ಲಿ ಒಳಗೇ ಇದೆ. ಉಳಿದವಕ್ಕೆ ಜೆಬ್ರಿಡ್ಜ್ ಎಂಬ ಸಾಧನ ಬಳಕೆಯಲ್ಲಿದೆ. ತೀರ ಹಳೆಯ 16 ಬಿಟ್‌ನ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ವೈನ್ ಮೂಲಕ ನಡೆಸಿ ನೋಡಬಹುದು.

ನಾಲ್ಕನೆಯದು ಕಂಪ್ಯೂಟರಿನೊಳಗೊಂದು ಕಂಪ್ಯೂಟರ್. ವರ್ಚುವಲ್‌ಬಾಕ್ಸ್ ಮುಂತಾದವುಗಳಲ್ಲಿ ವಿಂಡೋಸ್ ಎಕ್ಸ್‌ಪಿಯನ್ನು ಸ್ಥಾಪಿಸಿ ಅದರೊಳಗೆ ಹಳೆಯ ತಂತ್ರಾಂಶವನ್ನು ನಡೆಸುವ ಕ್ರಮವಿದು. ಇಲ್ಲಿ ದನಿ ತಡವಾಗಿ ಬರುವುದರಿಂದ ಹಾಡುತ್ತ ಮುದ್ರಿಸುವುದು ಕಷ್ಟ. ಆದರೆ ಇದ್ದುದನ್ನು ಹೊರತೆಗೆಯಲು ಆ ವಿಳಂಬ ಅಡ್ಡಿಯಲ್ಲ. ಎಕ್ಸ್‌ಪಿಗೆ ಈಗ ಭದ್ರತಾ ಬೆಂಬಲವಿಲ್ಲ. ಅದನ್ನು ಅಂತರ್ಜಾಲಕ್ಕೆ ಜೋಡಿಸಬಾರದು. ಇನ್ನೊಂದು ಎಚ್ಚರಿಕೆ: ಆಪಲ್ ಚಿಪ್‌ನ ಮ್ಯಾಕ್‌ನಲ್ಲಿ ಇಂಟೆಲ್ ಕಾಲದ ವ್ಯವಸ್ಥೆಯನ್ನು ಅನುಕರಣೆಯಿಂದಷ್ಟೇ ನಡೆಸಬಹುದು, ಅದು ಬಹಳ ನಿಧಾನ.

ಪರವಾನಗಿಯ ಬೀಗ ಒಡೆದ ಪ್ರತಿಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಅವುಗಳೊಂದಿಗೆ ವೈರಸ್ ಬರುವುದುಂಟು. ಯುಎಇಯಲ್ಲಿ ತಂತ್ರಾಂಶಗಳಿಗೆ 2021ರ 38ನೆಯ ಸಂಖ್ಯೆಯ ಕೃತಿಸ್ವಾಮ್ಯ ಕಾನೂನಿನ ರಕ್ಷಣೆಯೂ ಇದೆ.

ಹೊರತೆಗೆಯಬೇಕಾದುದೇನು

ಹಳೆಯ ತಂತ್ರಾಂಶ ಒಮ್ಮೆ ತೆರೆದರೆ ಅದರಲ್ಲೇ ನೆಲೆಸುವ ಆಸೆ ಬೇಡ. ಪ್ರತಿಯೊಂದು ವಾದ್ಯ, ಪ್ರತಿಯೊಂದು ದನಿಯನ್ನು ಪ್ರತ್ಯೇಕ ವೇವ್ ಕಡತವಾಗಿ ಉಳಿಸಿ. ದನಿ ನಡುವೆ ಶುರುವಾಗುವಂತಿದ್ದರೂ ಎಲ್ಲ ಕಡತಗಳೂ ಹಾಡಿನ ಮೊದಲ ಕ್ಷಣದಿಂದಲೇ ಆರಂಭವಾಗಲಿ. ಆಗ ಯಾವ ತಂತ್ರಾಂಶದಲ್ಲಿ ಹಾಕಿದರೂ ತಾಳ ತಪ್ಪದು. ಅನುರಣನ ಸೇರಿಸಿದ ಗಾಯನದೊಂದಿಗೆ ಸೇರಿಸದ ಗಾಯನವನ್ನೂ ಇಡಿ.

ಕೀಬೋರ್ಡಿನಲ್ಲಿ ನುಡಿಸಿದುದನ್ನು ಮಿಡಿ ಕಡತವಾಗಿಯೂ ಉಳಿಸಬೇಕು, ಆದರೆ ಅದನ್ನಷ್ಟೇ ನೆಚ್ಚಬಾರದು. ಮಿಡಿಯಲ್ಲಿರುವುದು ಸ್ವರಗಳ ಸೂಚನೆ, ದನಿಯಲ್ಲ. ನಮ್ಮ ಸಂಗೀತಕ್ಕೆ ಇದರಲ್ಲೊಂದು ವಿಶೇಷ ಅಪಾಯವಿದೆ. ಗಮಕಗಳನ್ನು ಕೀಬೋರ್ಡಿನ ಪಿಚ್‌ಬೆಂಡ್ ಚಕ್ರದಿಂದ ನುಡಿಸಿರುತ್ತಾರೆ. ಆ ಚಕ್ರದ ವ್ಯಾಪ್ತಿ ಸಾಮಾನ್ಯವಾಗಿ ಎರಡು ಸ್ವರಸ್ಥಾನ. ನುಡಿಸಿದವರು ಅದನ್ನು ಹನ್ನೆರಡಕ್ಕೆ ಹಿಗ್ಗಿಸಿದ್ದು, ಹೊಸ ವಾದ್ಯಕ್ಕೆ ಅದು ತಿಳಿಯದಿದ್ದರೆ ತೋಡಿಯ ಗಾಂಧಾರ ಅಲುಗುವುದನ್ನೇ ಮರೆಯುತ್ತದೆ. ಆದ್ದರಿಂದ ದನಿಯನ್ನೂ ಮುದ್ರಿಸಿಕೊಂಡು, ವ್ಯಾಪ್ತಿಯನ್ನೂ ಬರೆದಿಡಿ.

ಟ್ರ್ಯಾಕಿನ ಹೆಸರು, ಹಾಡಿನ ಸಾಹಿತ್ಯಗಳಲ್ಲಿಯೂ ಹಳೆಯ ಬೀಗವಿದೆ. ಯೂನಿಕೋಡ್ ರೂಢಿಯಾಗುವ ಮೊದಲು ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪಿಸಿದ ಕನ್ನಡ ಇಂದು ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ಕಾಣುತ್ತದೆ. ಅದು ಹಾಳಾಗಿಲ್ಲ, ಪರಿವರ್ತಕಗಳ ಮೂಲಕ ಯೂನಿಕೋಡಿಗೆ ತಂದರೆ ಓದಬಹುದು. ಅಳಿಸಬೇಡಿ. ರಾಗ, ತಾಳ, ಶ್ರುತಿ, ಹಾಡಿದವರು, ನುಡಿಸಿದವರು, ವರ್ಷ, ಸ್ಥಳ, ಇಷ್ಟನ್ನು ಸರಳ ಪಠ್ಯ ಕಡತದಲ್ಲಿ ಜೊತೆಗಿಡಿ.

ಕೊಲ್ಲಿಯಲ್ಲಿರುವವರಿಗೆ

ಬೇಸಿಗೆಯಲ್ಲಿ ಇಲ್ಲಿನ ತಾಪ 45 ಡಿಗ್ರಿ ದಾಟುತ್ತದೆ. ಬಾಲ್ಕನಿಯ ಕಪಾಟು, ಕಾರಿನ ಡಿಕ್ಕಿ, ತಂಪಿಲ್ಲದ ಗೋದಾಮುಗಳು ಹಾರ್ಡ್ ಡಿಸ್ಕಿಗೂ ಮನೆಯಲ್ಲಿ ಬರೆದ ಸಿಡಿಗೂ ಶತ್ರುಗಳು. ಊರಿನಲ್ಲಿರುವ ಹಳೆಯ ಕಂಪ್ಯೂಟರನ್ನು ಇಡಿಯಾಗಿ ಹೊತ್ತು ತರಬೇಕಿಲ್ಲ. ಡಿಸ್ಕು, ಪರವಾನಗಿಯ ಕೀಲಿ, ಮೂಲ ಸಿಡಿಗಳು ಕೈಚೀಲದಲ್ಲಿ ಬಂದರೆ ಸಾಕು. ಅಡಾಪ್ಟರುಗಳಿಗೆ ಬರ್ ದುಬೈನ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಬಹುದು.

ತಾಪಕ್ಕಿಂತ ದೊಡ್ಡ ಅಪಾಯ ನಮ್ಮ ವಾಸದ ಸ್ವರೂಪದಲ್ಲೇ ಇದೆ. ಇಲ್ಲಿ ನಮ್ಮಲ್ಲಿ ಬಹುತೇಕರ ವಾಸ ಉದ್ಯೋಗಕ್ಕೆ ಕಟ್ಟಿಕೊಂಡದ್ದು. ಉದ್ಯೋಗ ಮುಗಿದರೆ ಕೆಲವೇ ವಾರಗಳಲ್ಲಿ ಮನೆ ಖಾಲಿ ಮಾಡಬೇಕು. ಆ ಗಡಿಬಿಡಿಯಲ್ಲಿ ಮೊದಲು ಹೊರಗೆ ಹೋಗುವುದೇ ಹಳೆಯ ಕಂಪ್ಯೂಟರ್. ಅದರೊಂದಿಗೆ ಒಂದು ಕಾಲದ ಬಳಗದ ಹಾಡೂ ಹೋಗುತ್ತದೆ. ಆದ್ದರಿಂದ ಈ ಕೆಲಸವನ್ನು ಪೆಟ್ಟಿಗೆ ಕಟ್ಟುವ ದಿನಕ್ಕೆ ಉಳಿಸದೆ, ಬಿಡುವಿನ ಒಂದು ವಾರಾಂತ್ಯದಲ್ಲಿ ಮುಗಿಸಬೇಕು. ಒಂದು ಪ್ರತಿ ಇಲ್ಲಿರಲಿ, ಇನ್ನೊಂದು ಊರಿನಲ್ಲಿರಲಿ, ಮೂರನೆಯದು ಹಾಡಿದವರ ಮನೆ ಸೇರಲಿ.