ಶಸ್ತ್ರವೈದ್ಯರ ತರಬೇತಿ ಮತ್ತು ಸ್ವತಂತ್ರ ವೃತ್ತಿಯ ಸಿದ್ಧತೆ

ಶಸ್ತ್ರವೈದ್ಯರ ತರಬೇತಿಯು ವೈದ್ಯಕೀಯ ಪದವಿ ಪಡೆದವರನ್ನು ಹಿರಿಯ ವೈದ್ಯರ ಮೇಲ್ವಿಚಾರಣೆಯಲ್ಲಿ ಶಸ್ತ್ರಚಿಕಿತ್ಸೆಗೆ ಅಣಿಗೊಳಿಸುವ ಸ್ನಾತಕೋತ್ತರ ಶಿಕ್ಷಣವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದನ್ನು ರೆಸಿಡೆನ್ಸಿ ಎಂದು ಕರೆಯುತ್ತಾರೆ. ಅಲ್ಲಿ ಸಾಮಾನ್ಯ ಶಸ್ತ್ರಚಿಕಿತ್ಸೆಯ ತರಬೇತಿಯ ಅವಧಿ 5 ವರ್ಷಗಳು. ಇಷ್ಟು ಕಾಲ ಕಲಿತವರು ಯಾರ ನೆರವೂ ಇಲ್ಲದೆ ಶಸ್ತ್ರಚಿಕಿತ್ಸೆ ನಡೆಸಬಲ್ಲರೇ ಎಂಬುದು ಅಲ್ಲಿ ಬಹುಚರ್ಚಿತ ಪ್ರಶ್ನೆಯಾಗಿದೆ.

ಇತಿಹಾಸ

ವಿಲಿಯಂ ಹಾಲ್‌ಸ್ಟೆಡ್ ಅವರು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889ರಿಂದ ಈ ಪದ್ಧತಿಯನ್ನು ರೂಪಿಸಿದರು. ಇದಕ್ಕೆ ಜರ್ಮನಿಯ ವಿಶ್ವವಿದ್ಯಾಲಯಗಳ ಕ್ರಮವೇ ಮಾದರಿ. ಕಿರಿಯ ವೈದ್ಯನು ಆಸ್ಪತ್ರೆಯಲ್ಲಿಯೇ ವಾಸಿಸಿ, ಅನುಭವ ಹೆಚ್ಚಿದಂತೆ ಹೆಚ್ಚಿನ ಹೊಣೆಯನ್ನು ವಹಿಸಿಕೊಳ್ಳುವುದು ಇದರ ತಿರುಳು.

ಬದಲಾವಣೆಯ ಕಾರಣಗಳು

ದಣಿದ ವೈದ್ಯರಿಂದ ರೋಗಿಗಳಿಗೆ ಅಪಾಯವಾಗಬಹುದೆಂಬ ಕಾರಣಕ್ಕೆ 2003ರಲ್ಲಿ ರೆಸಿಡೆಂಟ್ ವೈದ್ಯರ ಕೆಲಸವನ್ನು ವಾರಕ್ಕೆ 80 ಗಂಟೆಗಳಿಗೆ ಮಿತಿಗೊಳಿಸಲಾಯಿತು. ಕಾನೂನು ಮೊಕದ್ದಮೆಗಳ ಭಯ, ವಿಮಾ ನಿಯಮಗಳು ಮತ್ತು ರೋಗಿಗಳ ನಿರೀಕ್ಷೆಗಳಿಂದಾಗಿ ಹಿರಿಯ ವೈದ್ಯರ ಉಪಸ್ಥಿತಿಯೂ ಹೆಚ್ಚಾಯಿತು. ಇದರಿಂದ ರೋಗಿಯ ಸುರಕ್ಷತೆಗೆ ಅನುಕೂಲವಾದರೂ, ಕಲಿಯುವವರು ತಾವೇ ನಿರ್ಧರಿಸಿ ಮುಂದುವರಿಯುವ ಅವಕಾಶ ಕುಗ್ಗಿತು. ಲ್ಯಾಪರೋಸ್ಕೋಪಿಯಂತಹ ಹೊಸ ವಿಧಾನಗಳು ಬಂದುದರಿಂದ ಕಲಿಯಬೇಕಾದ ವಿಷಯಗಳೂ ಹೆಚ್ಚಿದವು.

ಅಧ್ಯಯನಗಳು

2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು, ರೆಸಿಡೆನ್ಸಿಯ ನಂತರದ ಉನ್ನತ ತರಬೇತಿಯಾದ ಫೆಲೋಶಿಪ್‌ಗಳ ನಿರ್ದೇಶಕರ ಅಭಿಪ್ರಾಯವನ್ನು ಸಂಗ್ರಹಿಸಿತು. ಹೊಸದಾಗಿ ಬಂದವರು ಶಸ್ತ್ರಚಿಕಿತ್ಸಾ ಕೊಠಡಿಗೆ ಸಿದ್ಧರಾಗಿರಲಿಲ್ಲವೆಂದು ಶೇ. 21ರಷ್ಟು ನಿರ್ದೇಶಕರು ತಿಳಿಸಿದರು. ಪ್ರಮುಖ ಶಸ್ತ್ರಚಿಕಿತ್ಸೆಯೊಂದರಲ್ಲಿ ಅವರು ಮೇಲ್ವಿಚಾರಣೆಯಿಲ್ಲದೆ 30 ನಿಮಿಷ ಕೆಲಸ ಮಾಡಲಾರರೆಂದು ಶೇ. 66ರಷ್ಟು ಜನ ಅಭಿಪ್ರಾಯಪಟ್ಟರು. ಇವು ಬೋಧಕರ ಅಭಿಪ್ರಾಯಗಳೇ ಹೊರತು ಚಿಕಿತ್ಸೆಯ ಫಲಿತಾಂಶದ ಅಳತೆಗಳಲ್ಲ. ಆದರೆ ಪ್ರತಿ ಶಸ್ತ್ರಚಿಕಿತ್ಸೆಯ ನಂತರವೂ ರೆಸಿಡೆಂಟರ ಸಾಮರ್ಥ್ಯವನ್ನು ದಾಖಲಿಸಿದ 2017ರ ಅಧ್ಯಯನವೂ, ತರಬೇತಿ ಮುಗಿಸುವ ಎಲ್ಲರೂ ಮೂಲಭೂತ ಶಸ್ತ್ರಚಿಕಿತ್ಸೆಗಳನ್ನು ಸ್ವತಂತ್ರವಾಗಿ ನಡೆಸಲು ಸಿದ್ಧರಿರುವುದಿಲ್ಲ ಎಂದು ಕಂಡುಕೊಂಡಿತು.

ಸುಧಾರಣೆಗಳು

ಕಳೆದ ವರ್ಷಗಳನ್ನು ಎಣಿಸುವುದಕ್ಕಿಂತ ಗಳಿಸಿದ ಸಾಮರ್ಥ್ಯವನ್ನು ಅಳೆಯಬೇಕೆಂಬ ವಾದ ಈಗ ಬಲಗೊಂಡಿದೆ. ಅಮೆರಿಕನ್ ಬೋರ್ಡ್ ಆಫ್ ಸರ್ಜರಿ ಸಂಸ್ಥೆಯು 2023ರಲ್ಲಿ ಸಾಮಾನ್ಯ ಶಸ್ತ್ರಚಿಕಿತ್ಸೆಗೆ ಇಂತಹ ಮೌಲ್ಯಮಾಪನವನ್ನು ಜಾರಿಗೆ ತಂದಿತು. ಇದರಲ್ಲಿ ಅಪೆಂಡಿಸೈಟಿಸ್, ಪಿತ್ತಕೋಶದ ಕಾಯಿಲೆ, ಹರ್ನಿಯಾ ಮೊದಲಾದವುಗಳ ಚಿಕಿತ್ಸೆಯನ್ನು ಎಷ್ಟರ ಮಟ್ಟಿಗೆ ಒಬ್ಬರಿಗೇ ವಹಿಸಬಹುದೆಂದು ಬೋಧಕರು ನಿರ್ಣಯಿಸುತ್ತಾರೆ. ಸಿಮ್ಯುಲೇಟರ್‌ಗಳಲ್ಲಿನ ಅಭ್ಯಾಸವು ಕೈಚಳಕವನ್ನು ಬೆಳೆಸುತ್ತದೆ. ಆದರೆ ಅನಿರೀಕ್ಷಿತ ರಕ್ತಸ್ರಾವದಂತಹ ಸಂದರ್ಭದಲ್ಲಿ ಬೇಕಾಗುವ ವಿವೇಚನೆಗೆ ಅದು ಪೂರ್ಣ ಪರ್ಯಾಯವಲ್ಲ.

ಭಾರತದಲ್ಲಿ

ರೋಗಿಯನ್ನು ಮುಟ್ಟುವ ಮೊದಲು ಅಭ್ಯಾಸ ಮಾಡಬೇಕೆಂಬ ವಿಚಾರ ಭಾರತದಲ್ಲಿ ಪ್ರಾಚೀನವಾದುದು. ಕುಂಬಳ, ಸೋರೆ ಮುಂತಾದ ಕಾಯಿಗಳ ಮೇಲೆ ಛೇದನವನ್ನೂ, ಬಟ್ಟೆ ಮತ್ತು ಮೃದು ಚರ್ಮದ ಮೇಲೆ ಹೊಲಿಗೆಯನ್ನೂ ಕಲಿಯುವಂತೆ ಸುಶ್ರುತ ಸಂಹಿತೆಯು ವಿಧಿಸುತ್ತದೆ. ಇಂದು ಎಂ.ಬಿ.ಬಿ.ಎಸ್. ನಂತರ ಎಂ.ಎಸ್. ಪದವಿಗೆ 3 ವರ್ಷಗಳ ವ್ಯಾಸಂಗವಿದೆ. ಈ ಅವಧಿಯಲ್ಲಿ 3 ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುವುದು ಕರ್ನಾಟಕವೂ ಸೇರಿದಂತೆ ದೇಶದಾದ್ಯಂತ ಕಡ್ಡಾಯವಾಗಿದೆ. ಮುಂದೆ ಸಣ್ಣ ಊರುಗಳಲ್ಲಿ ಒಬ್ಬರೇ ನಿರ್ಧಾರ ಕೈಗೊಳ್ಳಬೇಕಾದ ಶಸ್ತ್ರವೈದ್ಯರಿಗೆ, ಬೋಧನಾ ಆಸ್ಪತ್ರೆಯ ಸೌಲಭ್ಯಗಳಿಲ್ಲದ ಪರಿಸರದ ಪರಿಚಯ ಇದರಿಂದ ದೊರೆಯುತ್ತದೆ.